ಸೂರ್ಯನ ಖಾತೆಯಲ್ಲಿ ನಮ್ಮ ತಾಲ್ಲೂಕು

ನಗರಗೆರೆ ಗೌರಿಬಿದನೂರು ತಾಲ್ಲೂಕಿನ ಒಂದು ಹೋಬಳಿ. ಆಂಧ್ರದ ಗಡಿ ಇಲ್ಲಿಗೆ ಹತ್ತಿರ. ಅಂಗಡಿ ಮುಂದೆ ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುತ್ತದೆ; ಅದನ್ನು ಯಾರೂ ಗಮನಿಸುವುದೂ ಇಲ್ಲ. ಸುತ್ತ ಬಂಡೆಗುಡ್ಡಗಳು, ನಡುವೆ ರಾಗಿ, ಜೋಳ, ಕಡಲೆಕಾಯಿ ಹೊಲಗಳು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ನಮ್ಮ ತಾಲ್ಲೂಕನ್ನು ಹಾದೇ ಆಂಧ್ರಕ್ಕೆ ಹೋಗುತ್ತಾಳೆ. ಆದರೆ ಬಹಳ ವರ್ಷ ನಾವು ಕಾಣುವುದು ಅವಳ ಮರಳನ್ನು ಮಾತ್ರ. ನೀರಿಗೆ ಬರ, ಬಿಸಿಲಿಗೆ ಬರವಿಲ್ಲ.

ಬೇಸಿಗೆ ರಜೆಗೆ ಬಂದಿದ್ದ ಮೊಮ್ಮಗಳಿಗೆ ತಾಲ್ಲೂಕು ತೋರಿಸಲು ಹೊರಟೆ. 1938ರಲ್ಲಿ ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿದ ವಿದುರಾಶ್ವತ್ಥ ನೋಡಿದೆವು. ಶಿಕ್ಷಣ ತಜ್ಞ, ಭೌತವಿಜ್ಞಾನಿ ಡಾ. ಎಚ್. ನರಸಿಂಹಯ್ಯನವರು ಹುಟ್ಟಿದ ಹೊಸೂರು ನೋಡಿದೆವು. ಏನನ್ನೂ ಪ್ರಶ್ನಿಸದೆ ಒಪ್ಪಿಕೊಳ್ಳಬಾರದೆಂದು ಮಕ್ಕಳಿಗೆ ಕಲಿಸಿದವರು ಅವರು. ಕೊನೆಗೆ ಹೋದದ್ದು ಗೌರಿಬಿದನೂರಿನ ಹತ್ತಿರವಿರುವ ರೇಡಿಯೊ ವೀಕ್ಷಣಾಲಯದ ಕಡೆಗೆ.

ದೂರದರ್ಶಕ ಎಂದರೆ ಗುಮ್ಮಟ, ಉದ್ದನೆಯ ಕೊಳವೆ ಇರಬೇಕೆಂದು ಮೊಮ್ಮಗಳು ಎಣಿಸಿದ್ದಳು. ಬೇಲಿಯಾಚೆ ಕಂಡದ್ದು ಬಯಲು, ಸಾಲುಗಂಬ, ತಂತಿ. "ತಾತ, ಇದು ಹಳೇ ಟಿ.ವಿ. ಆಂಟೆನಾ ತೋಟ ಇದ್ದ ಹಾಗಿದೆ!" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹಿಂದೆ ನಮ್ಮ ಮನೆಗಳ ಮಾಳಿಗೆ ಮೇಲೆ ಮೀನಿನ ಮುಳ್ಳಿನಂತಿದ್ದ ಆಂಟೆನಾಗಳ ಬಂಧುಗಳೇ ಇವು. ಅವು ಹಿಡಿಯುತ್ತಿದ್ದುದು ಚಲನಚಿತ್ರ, ಇವು ಹಿಡಿಯುವುದು ಸೂರ್ಯನಿಂದ ಬರುವ ರೇಡಿಯೊ ಅಲೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಿಂದ ಇದನ್ನು ನಡೆಸಿಕೊಂಡು ಬಂದಿವೆ. ಮೊದಲು ಕಟ್ಟಿದ್ದು ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ದೂರದರ್ಶಕ. ಪೂರ್ವ–ಪಶ್ಚಿಮಕ್ಕೆ 1.4 ಕಿ.ಮೀ., ದಕ್ಷಿಣಕ್ಕೆ ಸುಮಾರು 450 ಮೀಟರು. ಅದರಲ್ಲಿ 1000 ಆಂಟೆನಾಗಳು. ಸೂರ್ಯನಿಗೆಂದೇ ಮೀಸಲಾದ ಇನ್ನೊಂದು ರೇಡಿಯೊ ಉಪಕರಣ 1997ರಲ್ಲಿ ಕೆಲಸ ಶುರು ಮಾಡಿತು.

ಈ ಅಲೆಗಳು ಹೊರಡುವುದು ನಮಗೆ ಕಾಣುವ ಸೂರ್ಯಬಿಂಬದಿಂದಲ್ಲ, ಅದರ ಸುತ್ತ ಹರಡಿರುವ ಕರೋನದಿಂದ. ಕರೋನ ಎಂದಕೂಡಲೇ ಮಾಸ್ಕ್ ಹುಡುಕಬೇಡಿ ಮಕ್ಕಳೇ! ಆ ಪದಕ್ಕೆ ಕಿರೀಟ ಎಂದರ್ಥ. ರೋಗಾಣುವಿನ ಮೈಮೇಲಿನ ಮುಳ್ಳುಗಳು ಕಿರೀಟದಂತೆ ಕಂಡದ್ದರಿಂದ ಅದಕ್ಕೂ ಅದೇ ಹೆಸರು ಬಂತು. ಸೂರ್ಯನ ಮೇಲ್ಮೈ ಶಾಖ ಸುಮಾರು 5500 ಡಿಗ್ರಿ. ಅದರಿಂದ ದೂರವಿರುವ ಕಿರೀಟದ್ದು ಹತ್ತು ಲಕ್ಷ ಡಿಗ್ರಿಗೂ ಹೆಚ್ಚು. ಒಲೆಯಿಂದ ದೂರ ಸರಿದಷ್ಟೂ ಸೆಕೆ ಏರಿದ ಹಾಗೆ! ಹೀಗೇಕೆ ಎಂಬುದು ವಿಜ್ಞಾನಿಗಳನ್ನು ಇಂದಿಗೂ ಕಾಡುತ್ತಿರುವ ಪ್ರಶ್ನೆ.

ಈ ಕಿರೀಟವನ್ನು ಕಣ್ಣಿಂದ ನೋಡಬೇಕೆಂದರೆ ಪೂರ್ಣ ಸೂರ್ಯಗ್ರಹಣ ಬೇಕು. 1980ರ ಫೆಬ್ರುವರಿ 16, ಶನಿವಾರದ ಗ್ರಹಣ ಅಜ್ಜ–ಅಜ್ಜಿಯರಿಗೆ ನೆನಪಿರಬೇಕು. ಅಂಕೋಲಾ, ಹುಬ್ಬಳ್ಳಿಗಳ ಮೇಲೆ ಹಾದುಹೋದ ಗ್ರಹಣ ಅದು. ಮಧ್ಯಾಹ್ನವೇ ಬೀದಿಗಳು ಖಾಲಿ, ಬಾಗಿಲು ಕಿಟಕಿ ಭದ್ರ. ನಾವೆಲ್ಲ ಒಳಗೆ ಕುಳಿತಿದ್ದಾಗ ವಿಜ್ಞಾನಿಗಳು ಬಯಲಲ್ಲಿ ಉಪಕರಣ ಹೂಡಿ ನಿಂತಿದ್ದರು. ಅವರಲ್ಲೊಬ್ಬರು ಖಭೌತ ಸಂಸ್ಥೆಯ ಪ್ರೊ. ಜಗದೇವ್ ಸಿಂಗ್. ಸಿಕ್ಕಿದ್ದು ಮೂರು ನಿಮಿಷಕ್ಕೂ ಕಡಿಮೆ. ಮುಂದೆ 2010ರವರೆಗೆ ದೇಶವಿದೇಶ ಸುತ್ತಿ ಹತ್ತು ಗ್ರಹಣಗಳ ಬೆನ್ನುಹತ್ತಿದರು. ಎಲ್ಲ ಕೂಡಿಸಿದರೂ ಗಂಟೆಗಟ್ಟಲೆ ಆಗುವ ಲೆಕ್ಕವಲ್ಲ. ಹೀಗಾಗಿಯೇ ಗ್ರಹಣಕ್ಕೆ ಕಾಯದೆ, ದಿನವಿಡೀ ಕಿರೀಟ ನೋಡುವ ಉಪಕರಣವೊಂದು ಆಕಾಶದಲ್ಲಿರಬೇಕು ಎಂಬ ಆಸೆ ಹುಟ್ಟಿತು.

ಆಸೆಗೆ ದುಡ್ಡು ಬೇಕಲ್ಲ? ಇಲ್ಲಿ ನನ್ನ ಗುಮಾಸ್ತಗಿರಿಯ ಬುದ್ಧಿ ಎಚ್ಚರವಾಗುತ್ತದೆ. ಹಿಂದೆ ಬಾವಿ ತೋಡಲು ರೈತರಿಗೆ ಸಾಲ ಕೊಡುವಾಗ ಬ್ಯಾಂಕು ಪೂರ್ತಿ ಹಣ ಒಮ್ಮೆಗೇ ಕೊಡುತ್ತಿರಲಿಲ್ಲ. ಮೊದಲು ಅಂದಾಜು ಪಟ್ಟಿ, ಆಮೇಲೆ ಮೊದಲ ಕಂತು. ಎಷ್ಟು ಅಡಿ ಆಯಿತೆಂದು ನೋಡಿಬಂದ ಮೇಲೆ ಮುಂದಿನ ಕಂತು. ಸೂರ್ಯನ ಬಾವಿಯೂ ಮೆಲ್ಲಮೆಲ್ಲನೇ ಆಳವಾಯಿತು. 2008ರಲ್ಲಿ ಬಾಹ್ಯಾಕಾಶ ಸಲಹಾ ಸಮಿತಿಯಲ್ಲಿ ರೂಪುಗೊಂಡ ಯೋಚನೆ ಚಿಕ್ಕದು: 400 ಕಿಲೋ ತೂಕದ ಉಪಗ್ರಹ, 800 ಕಿ.ಮೀ. ಎತ್ತರ, ಕಿರೀಟ ನೋಡುವ ಒಂದೇ ಉಪಕರಣ. ಚರ್ಚೆಯಾಗುತ್ತಾ ಅದು ಏಳು ಉಪಕರಣಗಳ 'ಆದಿತ್ಯ–ಎಲ್1' ಆಯಿತು. 2016–17ನೇ ಸಾಲಿನಲ್ಲಿ ಪ್ರಯೋಗಕ್ಕೆಂದು ಇಟ್ಟದ್ದು 3 ಕೋಟಿ ರೂಪಾಯಿ. 2019ರ ಹೊತ್ತಿಗೆ, ಉಡಾವಣೆಯ ಖರ್ಚು ಬಿಟ್ಟು, ಯೋಜನೆಯ ಮೊತ್ತ 378.53 ಕೋಟಿ.

ಕಿರೀಟ ನೋಡುವ ಮುಖ್ಯ ಉಪಕರಣದ ಹೆಸರು 'ವೆಲ್ಕ್'. ಅದು ತಯಾರಾದದ್ದೂ ನಮಗೆ ದೂರವಲ್ಲ. ಹೊಸಕೋಟೆಯ ನೆಂಟರ ಮನೆಗೆ ಹೋಗಿದ್ದಾಗ, ಶಿಡ್ಲಘಟ್ಟ ರಸ್ತೆಯಲ್ಲಿರುವ ಖಭೌತ ಸಂಸ್ಥೆಯ 'ಕ್ರೆಸ್ಟ್' ಆವರಣವನ್ನು ಮೊಮ್ಮಗಳಿಗೆ ಹೊರಗಿನಿಂದ ತೋರಿಸಿದೆ. ಒಳಗೆ ಧೂಳು ಸುಳಿಯದಂತೆ ಕಟ್ಟಿದ ಕೋಣೆಯಲ್ಲಿ ಅದನ್ನು ಜೋಡಿಸಿದರು. ಕಿರೀಟದ ಬೆಳಕು ಬಿಂಬದ ಬೆಳಕಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕನ್ನಡಿಯ ಮೇಲೆ ಧೂಳಿನ ಕಣ ಕೂತರೂ ಬಿಂಬದ ಬೆಳಕು ಚದುರಿ ಕಿರೀಟವನ್ನು ಮುಳುಗಿಸಿಬಿಡುತ್ತದೆ.

ರಾತ್ರಿ ಎದುರಿಗೆ ಬರುವ ಲಾರಿಯ ದೀಪಕ್ಕೆ ಕೈ ಅಡ್ಡ ಹಿಡಿದರೆ ಪಕ್ಕದ ರಸ್ತೆ ಕಾಣುತ್ತದಲ್ಲವೇ? ವೆಲ್ಕ್ ಮಾಡುವುದೂ ಅದೇ, ಸ್ವಲ್ಪ ಬೇರೆ ಉಪಾಯದಿಂದ. ಅದರ ಎರಡನೇ ಕನ್ನಡಿಯ ನಡುವೆ ಒಂದು ತೂತು. ಬಿಂಬದ ಬೆಳಕು ಆ ತೂತಿನಿಂದ ಹೊರಬಿದ್ದು ಹೋಗುತ್ತದೆ, ಕಿರೀಟದ ಬೆಳಕು ಮಾತ್ರ ಪ್ರತಿಫಲಿಸಿ ಕ್ಯಾಮೆರಾ ಸೇರುತ್ತದೆ. ಜೊಳ್ಳು ತೂರಿ ಕಾಳು ಉಳಿಸಿಕೊಂಡ ಹಾಗೆ. ಗೌರಿಬಿದನೂರಿನ ಬಯಲಲ್ಲಿ ವರ್ಷಗಟ್ಟಲೆ ಸೂರ್ಯನ ರೇಡಿಯೊ ಅಲೆ ಅಧ್ಯಯನ ಮಾಡಿದ ಪ್ರೊ. ಆರ್. ರಮೇಶ್ ಅವರೇ ಮುಂದೆ ವೆಲ್ಕ್‌ನ ಪ್ರಧಾನ ಸಂಶೋಧಕರಾದರು. ಕಂಬ–ತಂತಿಗಳ ಅನುಭವವೂ ಈ ಖಾತೆಗೆ ಜಮೆಯಾಗಿದೆ ಎಂದು ನನಗೆ ಹೆಮ್ಮೆ.

2023ರ ಸೆಪ್ಟೆಂಬರ್ 2ರಂದು ಶ್ರೀಹರಿಕೋಟಾದಿಂದ ಹೊರಟ ಆದಿತ್ಯ, 2024ರ ಜನವರಿ 6ರಂದು 15 ಲಕ್ಷ ಕಿ.ಮೀ. ದೂರದ ತನ್ನ ಜಾಗ ಸೇರಿತು. ಚಂದ್ರನಿಗಿಂತ ಸುಮಾರು ನಾಲ್ಕು ಪಟ್ಟು ದೂರ. ಅಲ್ಲಿ ರಾತ್ರಿಯಿಲ್ಲ, ಸೂರ್ಯನನ್ನು ಮರೆಮಾಡಲು ಭೂಮಿ ಅಡ್ಡ ಬರುವುದಿಲ್ಲ.

ನಗರಗೆರೆಯಲ್ಲಿ ಬಸ್ಸಿಗೆ ಕಾಯುತ್ತಾ ಇದನ್ನೆಲ್ಲ ಮೊಮ್ಮಗಳಿಗೆ ಹೇಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ರೈತರೊಬ್ಬರು ಕೇಳಿಸಿಕೊಂಡು, "ಅಲ್ಲ ಸಾಮಿ, ಇಲ್ಲಿ ಸಾವ್ರ ಅಡಿ ಕೊರೆದ್ರೂ ನೀರಿಲ್ಲ. ಸೂರ್ಯನ್ನ ನೋಡಕ್ಕೆ ಅಷ್ಟು ಕೋಟಿ ಯಾಕೆ?" ಎಂದರು.

ನ್ಯಾಯವಾದ ಪ್ರಶ್ನೆ. ನಾನು ಲೆಕ್ಕ ಮಾಡಿಯೇ ಹೇಳಿದೆ: "ಯಜಮಾನ್ರೇ, 378 ಕೋಟೀನ ದೇಶದ 140 ಕೋಟಿ ಜನಕ್ಕೆ ಹಂಚಿದ್ರೆ ತಲೆಗೆ ಎರಡು ರೂಪಾಯಿ ಎಪ್ಪತ್ತು ಪೈಸೆ. ಅದೂ ಒಂದೇ ವರ್ಷದಲ್ಲಿ ಅಲ್ಲ." ಸೂರ್ಯ ಸಿಡಿದಾಗ ಏನಾಗುತ್ತದೆ ಎಂದೂ ಹೇಳಿದೆ. 1989ರ ಮಾರ್ಚಿನಲ್ಲಿ ಸೌರಬಿರುಗಾಳಿಗೆ ಸಿಕ್ಕಿ ಕೆನಡಾದ ಕ್ವಿಬೆಕ್ ಪ್ರಾಂತ್ಯ ಒಂಬತ್ತು ಗಂಟೆ ಕತ್ತಲಲ್ಲಿತ್ತು. 2022ರ ಫೆಬ್ರುವರಿಯಲ್ಲಿ ಅಮೆರಿಕದ ಒಂದು ಕಂಪನಿ ಆಗಷ್ಟೇ ಹಾರಿಸಿದ್ದ 49 ಉಪಗ್ರಹಗಳಲ್ಲಿ ಸುಮಾರು 40 ನಾಶವಾದವು. ಮಳೆಯ ಮುನ್ಸೂಚನೆಗೆ ಉಪಗ್ರಹ ಬೇಕು. ಎಷ್ಟೋ ಹಳ್ಳಿ ಬ್ಯಾಂಕುಗಳ ಕಂಪ್ಯೂಟರು ನಡೆದದ್ದೂ ಮಾಳಿಗೆಯ ಮೇಲಿನ ಉಪಗ್ರಹ ಛತ್ರಿಯಿಂದಲೇ. ಬಿರುಗಾಳಿ ಬರುವ ಸೂಚನೆ ಮೊದಲೇ ಸಿಕ್ಕರೆ ಉಪಗ್ರಹ, ವಿದ್ಯುತ್ ಜಾಲ ಕಾಯುವವರಿಗೆ ಎಚ್ಚರ ವಹಿಸಲು ಸಮಯ ಸಿಗುತ್ತದೆ.

ಅವರು ಸ್ವಲ್ಪ ಹೊತ್ತು ಯೋಚಿಸಿ, "ಎರಡೂಮುಕ್ಕಾಲು ರೂಪಾಯಿ ನಾನೂ ಕೊಟ್ಟೆ ಅನ್ನಿ. ಆದ್ರೆ ಕೆರೆ ದುಡ್ಡಿಗೂ ಹಿಂಗೇ ಪೈಸೆ ಪೈಸೆ ಲೆಕ್ಕ ಹೇಳೋರು ಬೇಕು ಸಾಮಿ," ಎಂದರು. ಅದಕ್ಕೆ ನಾನು ತಲೆದೂಗಿದೆ. ಆಕಾಶದ ಖರ್ಚು ತೋರಿಸಿ ಕೆರೆಯ ಖರ್ಚು ತಳ್ಳಿಹಾಕುವಂತಿಲ್ಲ, ಕೆರೆ ತೋರಿಸಿ ಆಕಾಶವನ್ನೂ ಬಿಡುವಂತಿಲ್ಲ. ಎರಡೂ ಬೇರೆ ಬೇರೆ ಖಾತೆ. ಎರಡರಲ್ಲೂ ಕೊಟ್ಟದ್ದೆಷ್ಟು, ಬಂದದ್ದೇನು ಎಂದು ಕೇಳುವ ಹಕ್ಕು ನಮ್ಮದು.

ಮಕ್ಕಳೇ, ಬರಿಗಣ್ಣಿನಿಂದ ಎಂದೂ ಸೂರ್ಯನನ್ನು ದಿಟ್ಟಿಸಬೇಡಿ. ನಿಮ್ಮ ಪರವಾಗಿ ಆ ಕೆಲಸ ಮಾಡಲು ಉಪಕರಣವಿದೆ. ವೆಲ್ಕ್ ದಿನಕ್ಕೆ 1440 ಚಿತ್ರ ಕಳಿಸುವಂತೆ ಅದನ್ನು ರೂಪಿಸಿದ್ದಾರೆ. ಹಾಗಾದರೆ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು? ಕ್ಯಾಲ್ಕುಲೇಟರ್ ಮುಟ್ಟದೆ ಲೆಕ್ಕ ಮಾಡಿ, ಅಜ್ಜಿಗೆ ಹೇಳಿ.