ಪ್ರಶ್ನೆ ಕೇಳಿದ ಗೃಹಿಣಿ

ಅಂಗಡಿಯವನು ಚಿಲ್ಲರೆ ಕಡಿಮೆ ಕೊಟ್ಟರೆ, ಕಚೇರಿಯಲ್ಲಿ ‘ನಾಳೆ ಬನ್ನಿ’ ಎಂದು ನಾಲ್ಕನೇ ಸಲ ಹೇಳಿದರೆ ನಾವೇನು ಮಾಡುತ್ತೇವೆ? ‘ಹೋಗಲಿ ಬಿಡಿ, ಯಾರಿಗೆ ಬೇಕು ಜಗಳ’ ಎಂದು ಮನೆಗೆ ಮರಳುವವರೇ ಹೆಚ್ಚು. ಆದರೆ 1985ರಲ್ಲಿ ದೂರದರ್ಶನದ ತೆರೆಯ ಮೇಲೆ ಹಾಗೆ ಮರಳದ ಗೃಹಿಣಿಯೊಬ್ಬಳು ಕಾಣಿಸಿಕೊಂಡಳು. ಬಾಸು ಚಟರ್ಜಿ ನಿರ್ದೇಶಿಸಿದ ಆ ಹಿಂದಿ ಧಾರಾವಾಹಿಯ ಹೆಸರು ‘ರಜನಿ’. ಆ ಪಾತ್ರ ಮಾಡಿದವರು ಪ್ರಿಯಾ ತೆಂಡೂಲ್ಕರ್.

ಪ್ರಿಯಾ ಹುಟ್ಟಿದ್ದು 1954ರಲ್ಲಿ. ತಂದೆ ವಿಜಯ ತೆಂಡೂಲ್ಕರ್ ಮರಾಠಿಯ ಹೆಸರಾಂತ ನಾಟಕಕಾರರು. ಅಪ್ಪನ ಹೆಸರು ದೊಡ್ಡದಾದರೆ ಮಗಳ ದಾರಿ ಸಲೀಸು ಎಂದು ಯಾರಿಗಾದರೂ ಅನ್ನಿಸೀತು. ಆದರೆ ರಂಗದ ಮೇಲೆ ಆಕೆ ಮೊದಲು ನಿಂತದ್ದು ಬರಿಯ ಗೊಂಬೆಯಾಗಿ! ಆ ನಾಟಕ ನಮ್ಮ ಗಿರೀಶ ಕಾರ್ನಾಡರ ‘ಹಯವದನ’. ಮುಂದೆ ಪಂಚತಾರಾ ಹೋಟೆಲಿನಲ್ಲಿ ಸ್ವಾಗತಕಾರಿಣಿ, ವಿಮಾನದಲ್ಲಿ ಗಗನಸಖಿ, ಬಿಡುವಿನಲ್ಲಿ ರೂಪದರ್ಶಿ, ವಾರ್ತಾವಾಚಕಿ ಹೀಗೆ ಹಲವು ಕೆಲಸ ಮಾಡಿದರು.

1974ರಲ್ಲಿ ಶ್ಯಾಮ್ ಬೆನೆಗಲ್ಲರ ‘ಅಂಕುರ್’ ಚಿತ್ರದಲ್ಲಿ ಅನಂತನಾಗ್ ಅವರ ಪತ್ನಿಯ ಪಾತ್ರ ಸಿಕ್ಕಿತು. 1980ರಲ್ಲಿ ಶಂಕರನಾಗ್ ನಿರ್ದೇಶಿಸಿದ ‘ಮಿಂಚಿನ ಓಟ’ದಲ್ಲಿ ಕನ್ನಡಿಗರೂ ಆಕೆಯನ್ನು ಕಂಡರು. ಮರಾಠಿ ಚಿತ್ರಗಳಲ್ಲೂ ನಟಿಸಿದರು. ಆದರೂ ಮನೆಮಾತಾಗಲು ‘ಅಂಕುರ್’ ಬಂದ ಮೇಲೆ 11 ವರ್ಷ ಕಾಯಬೇಕಾಯಿತು. ಬೀಜ ಮೊಳೆಯಲು ನೀರು, ಗಾಳಿ, ಹದವಾದ ಶಾಖ ಮೂರೂ ಕೂಡಿ ಬರಬೇಕಲ್ಲವೇ?

ಟ್ಯಾಕ್ಸಿ ಚಾಲಕರ ವರ್ತನೆಯನ್ನು ರಜನಿ ಪ್ರಶ್ನಿಸಿದ ಕಂತು ಪ್ರಸಾರವಾದಾಗ ನಿಜವಾದ ಚಾಲಕರೇ ಪ್ರತಿಭಟನೆಗೆ ಇಳಿದರು. ಕಟ್ಟುಕಥೆಯ ಹೆಂಗಸೊಬ್ಬಳ ಮಾತು ಅಷ್ಟು ನಾಟಿತ್ತು. ಮರುವರ್ಷ, 1986ರ ಡಿಸೆಂಬರ್ 24ರಂದು ದೇಶದಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂತು. ಒಂದರ ಹಿಂದೆ ಇನ್ನೊಂದು ಬಂದ ಮಾತ್ರಕ್ಕೆ ಮೊದಲನೆಯದೇ ಕಾರಣವೆಂದು ಹೇಳುವುದು ವೈಜ್ಞಾನಿಕವಲ್ಲ. ಆದರೆ ಕೇಳುವ ಬಾಯಿ ಇಲ್ಲದಿದ್ದರೆ ಎಂಥ ಕಾಯಿದೆಯೂ ಕಾಗದದ ಮೇಲೇ ಉಳಿಯುತ್ತದೆ ಎಂಬುದಂತೂ ನಿಜ.

ಮುಂದೆ ಪ್ರಿಯಾ ತಮ್ಮ ಹೆಸರಿನಲ್ಲೇ ಚರ್ಚಾ ಕಾರ್ಯಕ್ರಮ ನಡೆಸಿದರು. 1995ರಲ್ಲಿ ಆರಂಭವಾದ ‘ಹಮ್ ಪಾಂಚ್’ ಹಾಸ್ಯ ಧಾರಾವಾಹಿಯಲ್ಲಿ ಗೋಡೆಯ ಚಿತ್ರಪಟದೊಳಗಿಂದಲೇ ಗಂಡನೊಡನೆ ಮಾತಾಡುವ ತೀರಿಹೋದ ಹೆಂಡತಿಯಾಗಿ ನಗಿಸಿದರು. ಮರಾಠಿಯಲ್ಲಿ ಕಥೆಗಳನ್ನೂ ಬರೆದರು. 2002ರ ಸೆಪ್ಟೆಂಬರಿನಲ್ಲಿ, 47ನೇ ವಯಸ್ಸಿನಲ್ಲಿ, ಹೃದಯಾಘಾತ ಆಕೆಯನ್ನು ಕರೆದೊಯ್ದಿತು. ತಂದೆ ಇನ್ನೂ ಬದುಕಿದ್ದರು.

ಮಗ ಒಂದು ಕೆಲಸ ಬಿಟ್ಟು ಇನ್ನೊಂದು ಹಿಡಿದರೆ, ಮಗಳು ಓದಿದ್ದೊಂದು, ಮಾಡಹೊರಟದ್ದೊಂದು ಆದರೆ ತಂದೆತಾಯಿಯರು ಕಂಗಾಲಾಗುವುದು ಸಹಜ. ಅಂಥ ಹೊತ್ತಿನಲ್ಲಿ ಗೊಂಬೆಯಾಗಿ ನಿಂತ ಈ ಹುಡುಗಿಯನ್ನು ಅವರು ನೆನೆಯಲಿ. ಇನ್ನು ವಿದ್ಯಾರ್ಥಿಗಳಿಗೆ ಒಂದು ಮಾತು: ತರಗತಿಯಲ್ಲಿ ಕೈಯೆತ್ತಿ ‘ಇದು ಹೀಗೇಕೆ?’ ಎಂದು ಕೇಳಲು ಇಂದು ನಾಚಿದರೆ, ನಾಳೆ ಅಂಗಡಿಯಲ್ಲಿ, ಕಚೇರಿಯಲ್ಲಿ ಬಾಯಿ ಬರುವುದೆಲ್ಲಿಂದ? ಕೇಳುವ ಅಭ್ಯಾಸ ಈಗಲೇ ಆಗಲಿ.