ಒಂದೇ ಮಗ್ಗುಲಿನ ಬೀದಿ

ಎಡಿನ್‌ಬರೋ ನಗರದ ವೇವರ್ಲಿ ನಿಲ್ದಾಣದಲ್ಲಿ ರೈಲಿನಿಂದ ಇಳಿಯುವವರು ಊರಿನೊಳಗೆ ಇಳಿಯುವುದಿಲ್ಲ, ಊರಿನ ಕೆಳಗೆ ಇಳಿಯುತ್ತಾರೆ. ನಿಲ್ದಾಣವಿರುವುದು ಒಂದು ಕಣಿವೆಯ ತಳದಲ್ಲಿ. ಅಲ್ಲಿಂದ ತಲೆಯೆತ್ತಿ ದಕ್ಷಿಣಕ್ಕೆ ನೋಡಿದರೆ ಕಡಿದಾದ ದಿಣ್ಣೆಯ ಮೇಲೆ ಒಂದರ ಹೆಗಲಿಗೊಂದು ಒರಗಿ ನಿಂತ ಹಳೆಯ ಕಲ್ಲುಮನೆಗಳ ಸಾಲು. ಆ ಸಾಲಿನ ಪಶ್ಚಿಮದ ತುದಿಗೆ ಕರಿಬಂಡೆಯ ನೆತ್ತಿಯಲ್ಲಿ ಕೋಟೆ. ಉತ್ತರದ ದಡವನ್ನು ಹತ್ತಿದರೆ ನೂಲು ಹಿಡಿದು ಎಳೆದಂತಹ ನೇರ ಬೀದಿಗಳ ಇನ್ನೊಂದು ಊರು. ಅದಕ್ಕೆ ಹೊಸ ನಗರವೆಂದು ಹೆಸರು. ಅದರ ಮೊದಲ ಮನೆಗೆ ಅಡಿಪಾಯ ಬಿದ್ದುದು 1767ರಲ್ಲಿ. ಎರಡೂವರೆ ಶತಮಾನಗಳು ಕಳೆದರೂ ಊರವರ ಬಾಯಲ್ಲಿ ಅದು ಹೊಸದಾಗಿಯೇ ಉಳಿದಿದೆ.

ಆ ಊರಿನಲ್ಲಿ ತಂಗಿದ್ದ ದಿನಗಳಲ್ಲಿ ನಾವು ಹೆಚ್ಚು ಹೊತ್ತು ಕಳೆದುದು ಕೋಟೆಯಲ್ಲಿ ಅಲ್ಲ, ಹೊಸ ನಗರದ ಅಂಚಿನಲ್ಲಿರುವ ಪ್ರಿನ್ಸಸ್ ಸ್ಟ್ರೀಟಿನಲ್ಲಿ. ಬೀದಿಯೆಂದರೆ ಎದುರುಬದುರಾಗಿ ಎರಡು ಸಾಲು ಮನೆ ಎಂದು ತಿಳಿದು ಬೆಳೆದ ನಮಗೆ ಅದು ಯಾರೋ ಅರ್ಧ ಕಟ್ಟಿ ಕೈಬಿಟ್ಟ ಬೀದಿಯಂತೆ ಕಂಡಿತು. ಅಂಗಡಿ ಹೋಟೆಲುಗಳೆಲ್ಲ ಉತ್ತರದ ಮಗ್ಗುಲಿನಲ್ಲಿ. ದಕ್ಷಿಣದ ಮಗ್ಗುಲು ಹೆಚ್ಚುಕಡಿಮೆ ತೆರವು. ಅಲ್ಲಿ ಹಸುರಿನ ಉದ್ಯಾನವೊಂದು ಇಳಿಜಾರಾಗಿ ಕಣಿವೆಗಿಳಿಯುತ್ತದೆ. ಅದರಾಚೆ ಹಳೆಯ ಊರು ಕೋಟೆಸಮೇತ ಕಣ್ಣಿಗೆ ತುಂಬಿಕೊಳ್ಳುತ್ತದೆ. ವ್ಯಾಪಾರದ ಲೆಕ್ಕದಲ್ಲಿ ಚಿನ್ನದ ಬೆಲೆಯ ಈ ನೆಲವನ್ನು ಬರಿದಾಗಿ ಬಿಟ್ಟವರಾರು, ಹಾಗೆಯೇ ಉಳಿಸಿಕೊಂಡು ಬಂದವರಾರು ಎಂದು ವಿಚಾರಿಸುತ್ತ ಹೋದಾಗ ನಮಗೆ ದೊರೆತ ಹೆಸರು ಜೇಮ್ಸ್ ಕ್ರೇಗ್ ಎಂಬ ವಾಸ್ತುಶಿಲ್ಪಿಯದು.

ಕ್ರೇಗ್ ಹುಟ್ಟಿದುದು ಇದೇ ಎಡಿನ್‌ಬರೋದಲ್ಲಿ, 1739ರಲ್ಲಿ. ಆಗ ನಗರವೆಂದರೆ ದಿಣ್ಣೆಯ ಮೇಲಿನ ಹಳೆಯ ಊರು ಮಾತ್ರ. ಕೋಟೆಯಿಂದ ಪೂರ್ವಕ್ಕೆ ಹೋಲಿರೂಡ್ ಅರಮನೆಯವರೆಗೆ ಇಳಿಯುವ ಒಂದೇ ಉದ್ದನೆಯ ಬೀದಿ. ಅದರ ಎರಡು ಪಕ್ಕಗಳಿಂದಲೂ ಮೀನಿನ ಮುಳ್ಳುಗಳಂತೆ ಹೊರಟ ಕಿರುಗಲ್ಲಿಗಳು. ಅಗಲಕ್ಕೆ ಬೆಳೆಯಲು ಸ್ಥಳವಿಲ್ಲದೆ ಮನೆಗಳು ಎತ್ತರಕ್ಕೆ ಬೆಳೆದುವು. ಎಂಟು, ಹತ್ತು ಅಂತಸ್ತುಗಳ ಕಟ್ಟಡಗಳು ಆ ಕಾಲಕ್ಕೇ ಅಲ್ಲಿದ್ದುವು. ಒಂದೇ ಮೆಟ್ಟಿಲಿನಲ್ಲಿ ನ್ಯಾಯಾಧೀಶ, ವರ್ತಕ, ದರ್ಜಿ, ಕೂಲಿಯವ ಎಲ್ಲರೂ ಹತ್ತಿಳಿಯುತ್ತಿದ್ದರು. ಸ್ಥಿತಿವಂತರು ನಡುವಣ ಅಂತಸ್ತುಗಳಲ್ಲಿ, ಬಡವರು ನೆಲಮಾಳಿಗೆಯಲ್ಲಿ ಮತ್ತು ಸೂರಿನ ಕೆಳಗೆ. ಮನೆಯ ಕೊಳೆನೀರು ಕಿಟಕಿಯಿಂದ ಬೀದಿಗೆ ಬೀಳುತ್ತಿತ್ತು. ಊರಿನ ಉತ್ತರಕ್ಕೆ, ಇಂದು ರೈಲು ನಿಲ್ಲುವ ಕಣಿವೆಯಲ್ಲಿ, ನಾರ್ ಲಾಕ್ ಎಂಬ ಕೆರೆಯಿತ್ತು. ಊರಿನ ರಕ್ಷಣೆಗೆಂದು ಕಟ್ಟಿದ ಕೆರೆ ಕಾಲಕ್ರಮದಲ್ಲಿ ಊರಿನ ಕೊಚ್ಚೆಯ ಗುಂಡಿಯಾಗಿತ್ತು.

1751ರಲ್ಲಿ ಮುಖ್ಯ ಬೀದಿಯ ಆರಂತಸ್ತಿನ ಮನೆಯೊಂದು ಕುಸಿದುಬಿದ್ದಿತು. ಮರುವರ್ಷವೇ ನಗರದ ಸುಧಾರಣೆಗಾಗಿ ಒಂದು ಪ್ರಸ್ತಾಪ ಪ್ರಕಟವಾಯಿತು. ಅದರ ಹಿಂದಿದ್ದ ಶಕ್ತಿ ಜಾರ್ಜ್ ಡ್ರಮಂಡ್. ಆರು ಬಾರಿ ನಗರದ ಪ್ರಭುವಾಗಿ, ಎಂದರೆ ನಮ್ಮಲ್ಲಿನ ಮೇಯರನ ಸ್ಥಾನದಲ್ಲಿ, ಕುಳಿತ ಮುದುಕ. ಕೆರೆಯನ್ನು ಬತ್ತಿಸುವ ಕೆಲಸ 1759ರಲ್ಲಿ ಮೊದಲಾಯಿತು. ಕಣಿವೆಗೆ ಅಡ್ಡಲಾಗಿ ಸೇತುವೆಗೆ 1763ರಲ್ಲಿ ಶಂಕುಸ್ಥಾಪನೆ. ಆ ಸೇತುವೆಯೂ ಸುಲಭಕ್ಕೆ ಒಲಿಯಲಿಲ್ಲ: 1769ರಲ್ಲಿ ಅದರ ಒಂದು ಭಾಗ ಕುಸಿದು ಐವರು ಸತ್ತರು.

ಸೇತುವೆಯಾಚೆಯ ಬಯಲಿನಲ್ಲಿ ಹೊಸ ಊರು ಕಟ್ಟಲು 1766ರಲ್ಲಿ ನಗರಸಭೆ ಸ್ಪರ್ಧೆಯನ್ನು ಸಾರಿತು. ಬಂದ ನಕ್ಷೆಗಳು ಆರು. ಗೆದ್ದವನು ಕ್ರೇಗ್, ಆಗ ಆತನಿಗೆ ಇಪ್ಪತ್ತಾರು ವರ್ಷ. ತಂದೆ ವರ್ತಕ, ತಾಯಿ ಜೇಮ್ಸ್ ಥಾಮ್ಸನ್ ಎಂಬ ಪ್ರಸಿದ್ಧ ಇಂಗ್ಲಿಷ್ ಕವಿಯ ಸೋದರಿ. ಕವಿಯ ಸೋದರಳಿಯನಾದರೂ ಈತ ಬೆಳೆದುದು ಕಟ್ಟಡದ ಕೆಲಸ ಮಾಡಿಸುವವನೊಬ್ಬನ ಕೈಕೆಳಗೆ, ಅಭ್ಯಾಸಿಯಾಗಿ. ಅಲ್ಲಿಯವರೆಗೆ ಹೇಳಿಕೊಳ್ಳುವಂತಹ ಕಟ್ಟಡವೊಂದೂ ಆತನ ಹೆಸರಿನಲ್ಲಿರಲಿಲ್ಲ. ನಗರಸಭೆ ಆತನಿಗೆ ಚಿನ್ನದ ಪದಕವನ್ನೂ ಪೌರಸನ್ಮಾನವನ್ನೂ ನೀಡಿತು. ನಕ್ಷೆ ಅಚ್ಚಾದಾಗ ಸೋದರಮಾವನ ಕವಿತೆಯ ಕೆಲವು ಸಾಲುಗಳನ್ನು ಅದರ ಮೇಲೆ ಕೆತ್ತಿಸಲು ಈತ ಮರೆಯಲಿಲ್ಲ. ಮುದುಕ ಡ್ರಮಂಡ್ ಮಾತ್ರ 1766ರ ಕೊನೆಗೇ ತೀರಿಹೋಗಿದ್ದನು. ಹೊಸ ನಗರದ ಒಂದು ಮನೆಯನ್ನೂ ಕಾಣಲಿಲ್ಲ.

ನಕ್ಷೆಯನ್ನು ನೋಡಿದರೆ ಇಷ್ಟಕ್ಕೇ ಪದಕವೇ ಎನ್ನಿಸಬಹುದು. ದಿಬ್ಬದ ಬೆನ್ನಿನ ಮೇಲೆ ನೂರು ಅಡಿಗೂ ಅಗಲವಾದ ನಡುಬೀದಿ, ಅದರ ಎರಡು ತುದಿಗಳಲ್ಲಿ ಎರಡು ಚೌಕ, ಉತ್ತರಕ್ಕೊಂದು ದಕ್ಷಿಣಕ್ಕೊಂದು ಸಮಾಂತರ ಬೀದಿ, ನಡುವೆ ಅಡ್ಡಬೀದಿಗಳು. ಯಾವ ಶಾಲಾಬಾಲಕನಾದರೂ ಅಳತೆಪಟ್ಟಿ ಹಿಡಿದು ಎಳೆಯಬಹುದಾದ ಗೆರೆಗಳು. ಆದರೆ ಹೊರಗಿನ ಎರಡು ಬೀದಿಗಳಿಗೆ ಕ್ರೇಗ್ ಒಂದೊಂದೇ ಮಗ್ಗುಲು ಕೊಟ್ಟನು. ಉತ್ತರದ ಕ್ವೀನ್ ಸ್ಟ್ರೀಟಿನ ಮನೆಗಳು ಸಮುದ್ರದ ಕಡೆಗೆ ಮುಖಮಾಡಿವೆ, ದಕ್ಷಿಣದ ಪ್ರಿನ್ಸಸ್ ಸ್ಟ್ರೀಟಿನ ಮನೆಗಳು ಕೋಟೆಯ ಕಡೆಗೆ. ಆತನ ಜಾಣ್ಮೆಯಿದ್ದುದು ಎಳೆದ ಗೆರೆಗಳಲ್ಲಿ ಅಲ್ಲ, ಎಳೆಯದೆ ಬಿಟ್ಟ ಗೆರೆಗಳಲ್ಲಿ ಎಂಬುದು ಅಲ್ಲಿ ನಿಂತಾಗ ನಮಗೆ ತೋರಿದ ಮಾತು.

ಬೀದಿಗಳಿಗೆ ಹೆಸರಿಟ್ಟುದರಲ್ಲಿ ರಾಜಭಕ್ತಿ ಧಾರಾಳವಾಗಿದೆ. ನಡುಬೀದಿ ದೊರೆ ಮೂರನೆಯ ಜಾರ್ಜನದು. ಇಂಗ್ಲೆಂಡಿನ ಗುಲಾಬಿಗೂ ಸ್ಕಾಟ್ಲೆಂಡಿನ ಥಿಸಲ್ ಎಂಬ ಮುಳ್ಳುಗಿಡದ ಹೂವಿಗೂ ಒಂದೊಂದು ಕಿರುಬೀದಿ. ದಕ್ಷಿಣದ ಬೀದಿಗೆ ಮೊದಲು ಊರಿನ ಸಂತನಾದ ಸೇಂಟ್ ಜೈಲ್ಸನ ಹೆಸರಿತ್ತು. ಲಂಡನ್ನಿನ ಒಂದು ಕೊಳೆಗೇರಿಗೂ ಅದೇ ಹೆಸರಿದ್ದುದರಿಂದ ದೊರೆ ಮುಖ ಸಿಂಡರಿಸಿದನಂತೆ. ಹಾಗಾಗಿ ರಾಜಕುಮಾರರ ಹೆಸರು ಬಂದಿತು.

ಗೆರೆ ಎಳೆಯದೆ ಬಿಟ್ಟ ನೆಲ ತಾನಾಗಿ ಉಳಿಯಲಿಲ್ಲ. ನಕ್ಷೆಯ ಮಸಿ ಒಣಗಿ ಎರಡು ಮೂರು ವರ್ಷವಾಗುವಷ್ಟರಲ್ಲಿ ನಗರಸಭೆಯೇ ಪ್ರಿನ್ಸಸ್ ಸ್ಟ್ರೀಟಿನ ದಕ್ಷಿಣದ ಮಗ್ಗುಲಿನಲ್ಲಿ, ಸೇತುವೆಯ ಬಳಿ, ಮನೆ ಕಟ್ಟಲು ನಿವೇಶನ ಕೊಡತೊಡಗಿತು. ತೆರೆದ ನೋಟವನ್ನು ನಂಬಿ ನಿವೇಶನ ಕೊಂಡಿದ್ದವರು ಸಿಟ್ಟಾದರು. ಅವರಲ್ಲೊಬ್ಬನು ತತ್ತ್ವಜ್ಞಾನಿ ಡೇವಿಡ್ ಹ್ಯೂಮ್. ಕಾರ್ಯಕಾರಣ ಸಂಬಂಧವನ್ನೇ ಸಂಶಯಿಸಿದ ಆ ಮಹಾಶಯ, ತನ್ನ ಬೀದಿಯ ವಿಷಯದಲ್ಲಿ ಯಾವ ಸಂಶಯವನ್ನೂ ಇಟ್ಟುಕೊಳ್ಳಲಿಲ್ಲ. ಎಡಿನ್‌ಬರೋದ ನ್ಯಾಯಾಲಯದಲ್ಲಿ ಸೋತ ನಿವಾಸಿಗಳು ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ವ್ಯಾಜ್ಯವನ್ನು ಒಯ್ದರು. 1772ರಲ್ಲಿ ಅಲ್ಲಿ ಅವರ ಮಾತಿಗೆ ಮನ್ನಣೆ ದೊರೆಯಿತು. ಕಡೆಗೆ 1776ರಲ್ಲಿ ಪಂಚಾಯಿತಿಯ ತೀರ್ಪಾಗಿ, ಆಗಲೇ ಮೇಲೆದ್ದಿದ್ದ ಕಟ್ಟಡಗಳನ್ನು ಬಿಟ್ಟು ಉಳಿದ ನೆಲವೆಲ್ಲ ಉದ್ಯಾನಕ್ಕೆ ಮೀಸಲೆಂದು ನಿಶ್ಚಯವಾಯಿತು. ಹ್ಯೂಮ್ ಸತ್ತುದೂ ಅದೇ ವರ್ಷ. 1816ರಲ್ಲಿ ಪಾರ್ಲಿಮೆಂಟಿನ ಶಾಸನವೊಂದು ಈ ಮೀಸಲನ್ನು ಬಲಪಡಿಸಿತು. 1840ರ ದಶಕದಲ್ಲಿ ರೈಲುಹಾದಿ ಉದ್ಯಾನವನ್ನು ಸೀಳಿ ಸಾಗಿದುದೇನೋ ನಿಜ. ಆದರೆ ಅದು ತಗ್ಗಿನಲ್ಲಿ ಹಾಯುವುದರಿಂದ ನೋಟಕ್ಕೆ ಅಡ್ಡಿಯಿಲ್ಲ.

ಎಲ್ಲ ಕಡೆಯೂ ನಕ್ಷೆ ಹೀಗೆ ಗೆಲ್ಲಲಿಲ್ಲ. ಪೂರ್ವದ ಚೌಕದಲ್ಲಿ, ನಡುಬೀದಿಗೆ ಮುಖಮಾಡಿ, ಕ್ರೇಗ್ ಒಂದು ಚರ್ಚಿಗೆ ಸ್ಥಳವಿಟ್ಟಿದ್ದನು. ಸರ್ ಲಾರೆನ್ಸ್ ಡಂಡಾಸ್ ಎಂಬ ಧನಿಕನು ಅದೇ ಸ್ಥಳವನ್ನು ಕೊಂಡು ತನ್ನ ಭವನವನ್ನು ಕಟ್ಟಿಸಿಕೊಂಡನು. ಚರ್ಚು ನಡುಬೀದಿಯ ಪಕ್ಕಕ್ಕೆ ಸರಿಯಬೇಕಾಯಿತು. ದೇವರಿಗಿಟ್ಟ ಜಾಗದಲ್ಲಿದ್ದ ಆ ಭವನ ಮುಂದೆ ಬ್ಯಾಂಕಾಯಿತು. ಪಶ್ಚಿಮದ ಚೌಕವನ್ನು ರೂಪಿಸುವ ಕೆಲಸವನ್ನು 1791ರಲ್ಲಿ ನಗರಸಭೆ ಒಪ್ಪಿಸಿದುದು ಕೀರ್ತಿವಂತನಾದ ರಾಬರ್ಟ್ ಆಡಮ್‌ಗೆ. ಕ್ರೇಗ್ ಆಗ ಬದುಕಿದ್ದನು, ಅದೇ ಊರಿನಲ್ಲೇ ಇದ್ದನು.

ಪದಕದ ನಂತರದ ಆತನ ಬಾಳು ಇಳಿಜಾರಿನದೇ. ಹೊಸ ನಗರದಲ್ಲಿ ಆತನದೆಂದು ಹೇಳಬಹುದಾದ ದೊಡ್ಡ ಕಟ್ಟಡ ಜಾರ್ಜ್ ಸ್ಟ್ರೀಟಿನ ವೈದ್ಯರ ಸಭಾಭವನ; ಎಪ್ಪತ್ತು ವರ್ಷವೂ ತುಂಬದೆ 1840ರ ದಶಕದಲ್ಲಿ ಅದನ್ನು ಕೆಡವಲಾಯಿತು. ಪೂರ್ವದ ಕಾಲ್ಟನ್ ಗುಡ್ಡದ ಮೇಲೆ 1776ರಲ್ಲಿ ಕೈಹಿಡಿದ ವೀಕ್ಷಣಾಲಯ ಹಣವಿಲ್ಲದೆ ನಿಂತುಹೋಗಿ ಅನೇಕ ವರ್ಷಗಳ ಮೇಲೆ ಮುಗಿಯಿತು. ಅದರ ಗೋಪುರದಂತಹ ಮನೆ ಇನ್ನೂ ಇದೆ. ನಾವು ಹತ್ತಿ ನೋಡಿದೆವು. ಆತ ರೂಪಿಸಿದ ಸೇಂಟ್ ಜೇಮ್ಸ್ ಚೌಕದಲ್ಲಿ ಕವಿ ರಾಬರ್ಟ್ ಬರ್ನ್ಸ್ ಕೆಲಕಾಲ ತಂಗಿದ್ದನು. ಆ ಚೌಕದ ಬಹುಭಾಗ 1960ರ ದಶಕದಲ್ಲಿ ನೆಲಸಮವಾಗಿ, ಅಲ್ಲೆದ್ದ ಕಾಂಕ್ರೀಟಿನ ಮಾರುಕಟ್ಟೆ ಐವತ್ತು ವರ್ಷಗಳಲ್ಲೇ ಎಲ್ಲರಿಗೂ ಬೇಡವಾಗಿ, 2021ರಲ್ಲಿ ಇನ್ನೊಂದು ಹೊಸ ಮಾರುಕಟ್ಟೆ ತೆರೆಯಿತು. 1786ರಲ್ಲಿ ಕ್ರೇಗ್ ಹಳೆಯ ಊರಿನ ಸುಧಾರಣೆಗೆ ಒಂದು ಯೋಜನೆಯನ್ನು ಅಚ್ಚುಹಾಕಿಸಿದನು. ನಗರಸಭೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. 1795ರಲ್ಲಿ, ಸಾಲದ ಹೊರೆಯಲ್ಲಿ, ಕ್ಷಯರೋಗದಿಂದ ಆತ ತೀರಿಕೊಂಡುದು ತಾನೆಳೆದ ಯಾವ ಬೀದಿಯಲ್ಲೂ ಅಲ್ಲ. ಹಳೆಯ ಊರಿನ ವೆಸ್ಟ್ ಬೋ ಎಂಬ ಅಂಕುಡೊಂಕು ಇಳುಕಲಿನ ಕೊನೆಯ ಮನೆಯಲ್ಲಿ. ಗ್ರೇಫ್ರಯರ್ಸ್ ಚರ್ಚಿನ ಅಂಗಳದಲ್ಲಿ ಮಣ್ಣುಮಾಡಿದರು. ಅಲ್ಲಿ ಆತನ ಹೆಸರಿನ ಕಲ್ಲು ನಿಂತುದು ಇಪ್ಪತ್ತನೆಯ ಶತಮಾನದಲ್ಲಿ.

ಹೊಸ ನಗರಕ್ಕೆ ತೆತ್ತ ಬೆಲೆಯನ್ನೂ ಹೇಳಬೇಕು. ಸೇತುವೆ ದಾಟಿ ಮೊದಲು ಹೋದವರು ಸ್ಥಿತಿವಂತರು. ನ್ಯಾಯಾಧೀಶನೂ ದರ್ಜಿಯೂ ಹತ್ತಿಳಿಯುತ್ತಿದ್ದ ಮೆಟ್ಟಿಲಿನಲ್ಲಿ ಬಡವರಷ್ಟೇ ಉಳಿದರು. ಹಳೆಯ ಮನೆಗಳು ತುಂಡುತುಂಡಾಗಿ ಬಾಡಿಗೆಗೆ ಹೋಗಿ ಕೊಳೆಗೇರಿಗಳಾದುವು. ನೂರು ವರ್ಷಗಳ ಮೇಲೆ, 1880ರ ದಶಕದಲ್ಲಿ, ಹಿಮ್ಮುಖವಾಗಿ ನಡೆದು ಹೊಸ ನಗರದಿಂದ ಹಳೆಯ ಊರಿಗೆ ಸಂಸಾರ ಹೂಡಿದವನು ಇನ್ನೊಬ್ಬ ಸ್ಕಾಟ್ಲೆಂಡಿನವ, ಪ್ಯಾಟ್ರಿಕ್ ಗೆಡ್ಡಿಸ್. ಮೂಲತಃ ಜೀವವಿಜ್ಞಾನಿಯಾದ ಈತ ಜೇಮ್ಸ್ ಕೋರ್ಟ್ ಎಂಬ ಜೀರ್ಣವಾದ ಅಂಗಳದಲ್ಲಿ ಹೆಂಡತಿಯೊಡನೆ ನಿಂತು, ನೆರೆಹೊರೆಯವರನ್ನು ಕೂಡಿಕೊಂಡು ಸುಣ್ಣ ಬಳಿದನು, ಹೂಗಿಡ ನೆಟ್ಟನು, ಉಳಿಸಬಹುದಾದ ಗೋಡೆಗಳನ್ನು ಉಳಿಸಿ ತೀರ ಕೆಟ್ಟವನ್ನಷ್ಟೇ ಕೆಡವಿದನು. ಕೋಟೆಯ ಮಗ್ಗುಲಿಗೆ ಆತ ಕಟ್ಟಿಸಿದ ರಾಮ್ಸೆ ಗಾರ್ಡನ್ನಿನ ಬಿಳಿಗೋಡೆ ಕೆಂಪುಸೂರಿನ ಮನೆಗಳು ಪ್ರಿನ್ಸಸ್ ಸ್ಟ್ರೀಟಿನಿಂದ ಚೆನ್ನಾಗಿ ಕಾಣುತ್ತವೆ. ನಡುವೆ ಕಟ್ಟಡಗಳ ಸಾಲೇನಾದರೂ ಎದ್ದಿದ್ದರೆ ಅವು ಅಲ್ಲಿಂದ ಕಾಣುತ್ತಿರಲಿಲ್ಲ.

ಈ ಗೆಡ್ಡಿಸ್ 1914ರಲ್ಲಿ ಭಾರತಕ್ಕೆ ಬಂದು, ಮದರಾಸು ಪ್ರಾಂತ್ಯದ ಊರುಗಳನ್ನು ಸುತ್ತಿ 1915ರಲ್ಲಿ ವರದಿಗಳನ್ನು ಬರೆದನು. ಹಳೆಯ ಕೇರಿಗಳ ನಡುವೆ ಅಗಲವಾದ ನೇರ ರಸ್ತೆಗಳನ್ನು ಕೊರೆಯುವ ಅಂದಿನ ಅಧಿಕಾರಿಗಳ ಹುರುಪನ್ನು ಆತ ಒಪ್ಪಲಿಲ್ಲ. ತಂಜಾವೂರು, ಮಧುರೆಗಳಲ್ಲಿ ಜೇಮ್ಸ್ ಕೋರ್ಟಿನ ಕ್ರಮವನ್ನೇ ಸೂಚಿಸಿದನು. ಆತ ವರದಿ ಬರೆದ ಊರುಗಳಲ್ಲಿ ಬಳ್ಳಾರಿಯೂ ಒಂದು. ಆಗ ನಮ್ಮ ಆದವಾನಿ, ರಾಯದುರ್ಗಗಳೂ ಬಳ್ಳಾರಿ ಜಿಲ್ಲೆಗೇ ಸೇರಿದ್ದುವು.