ಕಣ್ವದ ಅಲೆ, ಸಂಗಮದ ಅಲೆ

ಮಲ್ಪೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತ ಫೋಟೋನ ಸ್ಟೇಟಸ್‌ಗೆ ಹಾಕಿ ಹತ್ತು ನಿಮಿಷ ಆಗಿರಲಿಲ್ಲ, ಚನ್ನಪಟ್ಟಣದಿಂದ ಅಪ್ಪನ ಫೋನ್. "ಮೊದ್ಲು ಆಚೆ ಬಾ ಮಗಾ. ಅಲೆ ಎಳ್ಕೊಂಡೋಯ್ತದೆ."

ಅಪ್ಪ ಸಮುದ್ರ ನೋಡಿದವರಲ್ಲ. ಆದರೆ ನಾನು ಹುಟ್ಟೋ ಮುಂಚೆ ನಮ್ಮ ಚಿಕ್ಕಪ್ಪ ಗೆಳೆಯರ ಜೊತೆ ಕನಕಪುರದ ಆಚೆ ಸಂಗಮಕ್ಕೆ ಈಜೋಕೆ ಹೋದವರು ವಾಪಸ್ ಬರಲಿಲ್ಲ. ಆಮೇಲೆ ನಮ್ಮ ಮನೇಲಿ ಯಾರೂ ಈಜು ಕಲಿಯಲಿಲ್ಲ.

ಸಂಕ್ರಾಂತಿ ಮುಗಿದ ಭಾನುವಾರ ಅಪ್ಪನ್ನ ಕಣ್ವ ಜಲಾಶಯಕ್ಕೆ ಕರ್ಕೊಂಡು ಹೋದೆ. ಗಾಳಿಗೆ ಸಣ್ಣ ಸಣ್ಣ ಅಲೆ ಏಳ್ತಾ ಇತ್ತು. ಅಪ್ಪ ಗೊಂಬೆ ಕೆಲಸದವರು; ಜೇಬಲ್ಲಿ ಯಾವಾಗಲೂ ಒಂದು ಮರದ ತುಂಡು ಇರುತ್ತೆ. ನಮ್ಮ ಗೊಂಬೆಗಳೆಲ್ಲ ಆಲೆ ಮರದವು. (ಆಲೆಗೂ ಅಲೆಗೂ ಸಂಬಂಧ ಇಲ್ಲ, ನಮ್ಮ ಬಾಯಲ್ಲಿ 'ಹ' ಬಿದ್ದುಹೋಗಿದೆ ಅಷ್ಟೆ.) ಆ ತುಂಡನ್ನ ನೀರಿಗೆ ಎಸೆದೆ. ಅಲೆ ಬಂತು, ತುಂಡು ಎದ್ದಿತು. ಅಲೆ ದಾಟಿತು, ತುಂಡು ಇಳಿಯಿತು. ಹತ್ತಾರು ಅಲೆ ಹೋದರೂ ತುಂಡು ಹೆಚ್ಚುಕಮ್ಮಿ ಅಲ್ಲೇ.

"ನೋಡಿ ಅಪ್ಪ, ಅಲೆ ಹೋಗ್ತಾ ಇದೆ, ನೀರು ಹೋಗ್ತಾ ಇಲ್ಲ."

ಕಡಲಲ್ಲೂ ಹೀಗೇ. ನೀರಿನ ಕಣ ಇದ್ದ ಜಾಗದಲ್ಲೇ ಒಂದು ಸುತ್ತು ಹಾಕುತ್ತೆ, ಮುಂದೆ ಸಾಗೋದು ಶಕ್ತಿ ಮಾತ್ರ. ಗಾಳಿ ಎಷ್ಟು ಜೋರು, ಎಷ್ಟು ಹೊತ್ತು, ಎಷ್ಟು ದೂರ ನೀರನ್ನ ಉಜ್ಜಿಕೊಂಡು ಬಂತು ಅನ್ನೋದರ ಮೇಲೆ ಅಲೆಯ ಗಾತ್ರ. ಕಣ್ವದಲ್ಲಿ ಗಾಳಿಗೆ ಓಡೋಕೆ ಜಾಗ ಎಲ್ಲಿದೆ? ಸಮುದ್ರದಲ್ಲಿ ಸಾವಿರಾರು ಕಿಲೋಮೀಟರ್ ಇದೆ. ಅಂಟಾರ್ಕ್ಟಿಕಾ ಸುತ್ತಲಿನ ದಕ್ಷಿಣ ಸಾಗರದ ಬಿರುಗಾಳಿ ಎಬ್ಬಿಸಿದ ಅಲೆ ದಿನಗಟ್ಟಲೆ ಸಾಗಿ ನಮ್ಮ ಪಶ್ಚಿಮ ಕರಾವಳಿಗೆ ಬರುತ್ತೆ. ಗಾಳಿಯೇ ಇಲ್ಲದ ದಿನ ಹೀಗೆ ಉಕ್ಕಿ ಬರೋದಕ್ಕೆ ಕೇರಳದವರು 'ಕಳ್ಳಕ್ಕಡಲ್' ಅಂತಾರೆ, ಕಳ್ಳನ ಹಾಗೆ ಬರೋ ಕಡಲು.

ಹಾಗಂತ ಅಪ್ಪನ ಭಯ ಸುಳ್ಳಲ್ಲ. ಒಂದು ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುಂದಕ್ಕೆ ಕವುಚಿ ಒಡೆಯುತ್ತೆ. ಅಲ್ಲಿಂದ ನೀರೂ ಚಲಿಸುತ್ತೆ, ಮರಳುವಾಗ ಕೆಲವು ಕಡೆ ಕಿರಿದಾದ ಜೋರು ಸೆಳೆತ ಆಗುತ್ತೆ. ಅದಕ್ಕೆ ಸಿಕ್ಕಿದರೆ ಎದುರಾಗಿ ಈಜಬಾರದು; ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ, ಸೆಳೆತ ತಪ್ಪಿದ ಮೇಲೆ ದಡಕ್ಕೆ ಬರಬೇಕು.

ಅಪ್ಪ ಎಲ್ಲ ಕೇಳಿಸಿಕೊಂಡು, "ಸಂಗಮಕ್ಕೆ ಹೋಗೋಣ್ವಾ?" ಅಂದರು. ನಾನು ಕೇಳಬೇಕು ಅಂತಿದ್ದ ಮಾತು, ಅವರೇ ಕೇಳಿದರು.

ರಾಮನಗರದ ಬಂಡೆ ಬೆಟ್ಟಗಳನ್ನ ದಾಟಿ, ಕನಕಪುರದಲ್ಲಿ ಟೀ ಕುಡಿದು, ಮಧ್ಯಾಹ್ನಕ್ಕೆ ಸಂಗಮ. ಮಂಚನಬೆಲೆ, ರಾಮನಗರ, ಕನಕಪುರ ಹಾದು ಬಂದ ಅರ್ಕಾವತಿ ಇಲ್ಲಿ ಕಾವೇರಿಗೆ ಸೇರುತ್ತೆ. ತೆಪ್ಪದಲ್ಲಿ ದಾಟಿ ಮೇಕೆದಾಟುವಿಗೆ ಹೋಗೋಕೆ ಅಪ್ಪ ಒಪ್ಪಲಿಲ್ಲ. ದಡದ ಬಂಡೆ ಮೇಲೇ ಕೂತೆವು.

ಎದುರಿಗೆ ಒಂದು ಮುಳುಗಿದ ಬಂಡೆ, ಅದರ ಹಿಂದೆ ಒಂದು ಅಲೆ. ಎಷ್ಟು ಹೊತ್ತು ನೋಡಿದರೂ ಅದು ಅಲ್ಲೇ. ಇಲ್ಲಿ ಲೆಕ್ಕ ಉಲ್ಟಾ. ಅಲೆ ನಿಂತಿರುತ್ತೆ, ನೀರು ಅದರೊಳಗಿಂದ ಓಡಿಹೋಗ್ತಾ ಇರುತ್ತೆ. ಅಪ್ಪ ಜೇಬಿಂದ ಇನ್ನೊಂದು ತುಂಡು ತೆಗೆದು ಎಸೆದರು. ಅದು ಅಲೆ ಹತ್ತಿ ಇಳಿದಿದ್ದಷ್ಟೇ ಕಂಡಿತು.

"ಅಲೆ ನಿಂತೈತೆ ಅಂತ ನೀರೂ ನಿಂತೈತೆ ಅನ್ಕಂಡ್ನೇನೋ ಅವ್ನು" ಅಂದರು. ಚಿಕ್ಕಪ್ಪನ ಬಗ್ಗೆ ಅವರು ನನ್ನ ಹತ್ತಿರ ಆಡಿದ ಮೊದಲ ಮಾತು ಅದು.

ಸ್ವಲ್ಪ ಆಚೆ ನಾಲ್ಕು ಹುಡುಗರು ಪ್ಯಾಂಟ್ ಮಡಚಿ ನೀರಿಗೆ ಇಳೀತಿದ್ದರು. ಅಪ್ಪ ಎದ್ದು ಹೋಗಿ ಏನೋ ಹೇಳಿದರು. ಇಬ್ಬರು ನಕ್ಕರು, ನಾಲ್ವರೂ ಮೇಲೆ ಬಂದರು.

ವಾಪಸ್ ಬರುವಾಗ ಕನಕಪುರ ದಾಟೋವರೆಗೂ ಮಾತಿಲ್ಲ. ಆಮೇಲೆ ಕೇಳಿದರು: "ಉಡುಪಿಗೆ ರೈಲು ಎಷ್ಟೊತ್ತಿಗೆ ಐತೆ?"